ಮೇಲಿನ ಹಲ್ಲು, ಕಪ್ಪು ಫ್ರೇಮು

ಅಕ್ಟೋಬರ್ 3, ಬೆಳಿಗ್ಗೆ

ಮತ್ತೆ ಲವಂಗ. ಮೇಲಿನ ಬಲದವಡೆ. ಬೆಳ್ಳಿ ಗೆಜ್ಜೆ ಒತ್ತುವ ಉಕ್ಕಿನ ಅಚ್ಚು, ಕೆತ್ತನೆ ಅರ್ಧಕ್ಕೆ ನಿಂತಿದೆ. ಉಳಿಯ ಪೆಟ್ಟು ಉಕ್ಕಿಗೆ ಬಿದ್ದರೆ ಸದ್ದು ಹಲ್ಲಿನಲ್ಲಿ ಕೇಳಿಸುತ್ತದೆ. ದೀಪಾವಳಿಗೆ ಮುಂಚೆ ಮುಗಿಯಬೇಕು... ಬೆಳ್ಳಿ ಕೆಲಸದ ಊರು ಹುಪರಿಯಲ್ಲಿ ಕೆತ್ತುವವರಿಗೇನು ಬರವಿಲ್ಲ.

ಆಯಿ ಹಂಚಿನ ಮೇಲೆ ತಂಬಾಕು ಹುರಿಯುತ್ತಿದ್ದಾಳೆ. ಅವಳು ಹಲ್ಲಿಗೆ ತಿಕ್ಕುವ ಮಿಶ್ರಿ. ಮನೆಯೆಲ್ಲ ಕೆಮ್ಮು.

"ಇದನ್ನ ತಿಕ್ಕು ಬಾಳಾ. ನಂದು ನೋಡು, ಎಷ್ಟು ಗಟ್ಟಿ ಅದಾವ."

ನೋಡಿದೆ. ನಾಲ್ಕು ಉಳಿದಿವೆ. ಕಪ್ಪಗಿವೆ.

ಅಕ್ಟೋಬರ್ 5

ಕೆನ್ನೆ ಊದಿದೆ. "ಕೀಳಿಸ್ರಿ, ಮುಗೀತು" ಎಂದಳು ಕುಸುಮ್. ಅತ್ತೆಗೆ ಕೇಳಿಸಲೆಂದೇ ಹೆಂಡತಿಯರು ಗಂಡನಿಗೆ ಹೇಳುವ ದನಿ.

ಆಯಿ ಹಂಚು ಕುಕ್ಕಿದಳು. "ಮೇಲಿನ ಹಲ್ಲಿನ ಬೇರು ಕಣ್ಣಾಗ ಇರ್ತೈತಿ. ನಿಮ್ಮ ಕಾಕಾ ಕೀಳಿಸಿದ. ಏನಾತು? ನನ್ನ ನೋಡಿ 'ಯಾರವ್ವಾ ನೀ' ಅಂದ."

ಕಾಕಾನಿಗೆ ಆಗ ಎಂಬತ್ತು ದಾಟಿತ್ತು, ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಇದನ್ನೆಲ್ಲ ನಾನು ನಂಬುವುದಿಲ್ಲ. ಆದರೆ ಕಣ್ಣು ಹೋದ ಕೆತ್ತನೆಗಾರ ಎಂದರೆ ಏನು? ಅಚ್ಚು ಮುಗಿಯಲಿ. ಆಮೇಲೆ ನಂಬದಿದ್ದರಾಯಿತು.

ಅಕ್ಟೋಬರ್ 9, ಸಂಜೆ

ತಡೆಯಲಾಗಲಿಲ್ಲ. ಹೋದೆ. ಹಲ್ಲಿನ ಡಾಕ್ಟರ್ ಶಲಾಕಾ ಎಕ್ಸ್-ರೇ ತೋರಿಸಿದರು.

"ಇದರಾಗ ಕಣ್ಣೆಲ್ಲಿ?"

"ಕಣ್ಣಿಗೂ ಹಲ್ಲಿಗೂ ಸಂಬಂಧಾನ ಇಲ್ಲ, ಅಣ್ಣಾ. ಕೀವು ಬಿಟ್ಟಿದ್ದೀರಲ್ಲ, ಅದು ಅಪಾಯ."

ಕುರ್ಚಿ ಹತ್ತುವ ಮೊದಲು ಎಲ್ಲರ ಕನ್ನಡಕವೂ ಹೊರಗಿನ ಮೇಜಿನ ತಟ್ಟೆಗೆ. ಕಿತ್ತರು. ತುಟಿ ಇತ್ತೋ ಇಲ್ಲವೋ ತಿಳಿಯಲಿಲ್ಲ. ಹೊರಗೆ ಹಾಲಿನ ದತ್ತೋಬಾ ಹತ್ತಿ ಕಚ್ಚಿ ಕೂತಿದ್ದ — ಅವನದು ಕೆಳಗಿನ ಹಲ್ಲು. ಮಾತಿಲ್ಲದೆ ಕೈ ಮುಗಿದೆವು, ಕನ್ನಡಕ ಎತ್ತಿಕೊಂಡು ಹೊರಟೆವು. ದಾರಿಯುದ್ದಕ್ಕೂ ಕಣ್ಣಲ್ಲಿ ನೀರು. ಗುಳಿಗೆ. ನಿದ್ದೆ.

ಅಕ್ಟೋಬರ್ 10

ನೋವಿಲ್ಲ. ಅಚ್ಚಿನ ಮುಂದೆ ಕೂತೆ. ಕೆತ್ತಿದ ಬಳ್ಳಿಯೆಲ್ಲ ಮಂಜು. ಕನ್ನಡಕ ಒರೆಸಿದೆ. ಮಂಜು. ಉಳಿ ಕೆಳಗಿಟ್ಟೆ.

ಯಾರಿಗೂ ಹೇಳಬಾರದೆಂದುಕೊಂಡೆ. ಬಾಯಿ ಮುಕ್ಕಳಿಸಲೆಂದು ಇಟ್ಟ ಉಪ್ಪನ್ನು ಚಹಾಕ್ಕೆ ಹಾಕಿದೆ. ಆಯಿ ನೋಡಿಬಿಟ್ಟಳು.

"ಹೋತೇನೋ ಕಣ್ಣು?"

ಆ ದನಿಯಲ್ಲಿ ದುಃಖವಿತ್ತು, ನಿಜ. ಗೆದ್ದ ಖುಷಿಯೂ ಇತ್ತು. ಮಧ್ಯಾಹ್ನದೊಳಗೆ ಓಣಿಯೆಲ್ಲ ಬಂದು ಬೆರಳು ತೋರಿಸಿ "ಇವು ಎಷ್ಟು?" ಎಂದು ಕೇಳಿಹೋಯಿತು.

ಅಚ್ಚಿಗೆ ಬಟ್ಟೆ ಮುಚ್ಚಿದೆ.

ಅಕ್ಟೋಬರ್ 11

ಚಹಾದಂಗಡಿ. ಗುಂಪಿನ ನಡುವೆ ದತ್ತೋಬಾ.

"ಮೇಲಿಂದಷ್ಟ ಅಲ್ರಪೋ, ಕೆಳಗಿನ ಹಲ್ಲೂ ಕಣ್ಣಿಗೇ ಹೋಗೇತಿ! ಕೀಳಿಸಿದಾಗಿಂದ ಎಮ್ಮಿ ಎರಡೆರಡು ಕಾಣ್ತಾವು."

"ಹಾಲು ಮೊದಲಿಂದಾನ ಎರಡರಷ್ಟು ಕರೀತಿದ್ದಿ ಬಿಡು" ಎಂದರು ಯಾರೋ.

ಅವನ ಹತ್ತಿರ ಹೋದೆ. ಮೂಗಿಗೆ ಮೂಗು ತಾಗುವಷ್ಟು. ಕಣ್ಣಿನ ಶಿಬಿರದಲ್ಲಿ ಹಂಚಿದ ಕಪ್ಪು ಫ್ರೇಮು. ಊರಿನ ಅರ್ಧ ಮೂಗುಗಳ ಮೇಲೆ ಅದೇ, ಆಯಿಯ ಮೂಗಿನ ಮೇಲೂ. ಆದರೆ ಇದರ ಎಡಕಡ್ಡಿಗೆ ಬೆಳ್ಳಿ ತಂತಿ ಸುತ್ತಿದೆ. ಮುರಿದಾಗ ಸುತ್ತಿದವನು ನಾನೇ. ನನ್ನ ಕಿವಿಯ ಮೇಲಿನ ಕಡ್ಡಿ ಮುಟ್ಟಿದೆ. ನುಣ್ಣಗಿತ್ತು.

"ದತ್ತೋಬಾ, ನನ್ನ ಕಣ್ಣು ತಾ ಇಲ್ಲಿ."

ಮನೆಗೆ ಬಂದು ಎಲ್ಲ ಹೇಳಿದೆ. ಆಯಿ ಯೋಚಿಸಿದಳು.

"ಕಣ್ಣು ಹೋಗಂಗಿಲ್ಲ. ಆತು. ಬುದ್ಧಿ ಹೋಗತೈತಿ."

ಅಕ್ಟೋಬರ್ 24

ಅಚ್ಚು ಒಪ್ಪಿಸಿದೆ. ಬಳ್ಳಿ ಚೆನ್ನಾಗಿ ಬಂದಿದೆ.

ಆಯಿ ಭಾಕ್ರಿಯನ್ನು ಚಹಾದಲ್ಲಿ ಅದ್ದಿ ತಿಂದಳು. ನಿನ್ನೆಯೂ ಹಾಗೇ. ನೋವೇ ಎಂದು ಕೇಳಿದೆ. "ನನಗ್ಯಾಕ ನೋವು?" ಆಮೇಲೆ ಗೋಡೆಗೆ ಹೇಳುವಂತೆ: "ಆ ಡಾಕ್ಟರ್ ಸೂಜಿ ಚುಚ್ಚಿದಾಗ... ಭಾಳ ಉರೀತೇನು?"

ಅಕ್ಟೋಬರ್ 26, ದವಾಖಾನೆ

ಆಯಿಯದೂ ಮೇಲಿನ ಹಲ್ಲೇ. ಆರು ತಿಂಗಳಿಂದ ನೋವನ್ನು ಮಿಶ್ರಿಯಲ್ಲಿ ಮುಚ್ಚಿಟ್ಟಿದ್ದಾಳೆ. ಆಟೋದಲ್ಲಿ ದಾರಿಯುದ್ದಕ್ಕೂ ನನ್ನ ತೋಳು ಹಿಡಿದೇ ಇದ್ದಳು. ಕೊನೇ ಸಲವೆಂಬಂತೆ ಅಂಗಡಿಗಳ ಬೋರ್ಡೆಲ್ಲ ಓದಿದಳು. ಇಳಿದಾಗ ಧೂಳು ಕೂತಿತ್ತು, ಇಬ್ಬರ ಕನ್ನಡಕವನ್ನೂ ನಾನೇ ಒರೆಸಿಕೊಟ್ಟೆ.

"ನಾ ತಟ್ಟ್ಯಾಗ ಇಡಂಗಿಲ್ಲ. ಹಾಕ್ಕೊಂಡೇ ಬಾಯಿ ತೆಗಿತೀನಿ" ಎಂದು ಒಳಗೆ ಹೋದಳು.

ಇಲ್ಲಿ ಬೆಳಕು ಕಡಿಮೆ. ಗೆರೆ ಕಾಣದೆ ಅಕ್ಷರ ಸೊಟ್ಟಗಾಗುತ್ತಿವೆ. ಒಳಗಿನಿಂದ ಆಯಿಯ ಕೂಗು —

"ಬಾಳಾ! ಇನ್ನೂ ಕಿತ್ತೇ ಇಲ್ಲೋ, ಆಗಲೇ ಮಂಜು!"

ನನ್ನ ಕಿವಿಯ ಎಡಕಡ್ಡಿ ಮುಟ್ಟಿ ನೋಡಿದೆ. ತಂತಿ ಇಲ್ಲ.