ಎಲ್ಲ ಕಾಣುವ ಡಬ್ಬಿಗಳು

ಜೂನ್ 9, ಸೋಮವಾರ. ಮಧ್ಯಾಹ್ನ

ತೊಗರಿಬೇಳೆ ಆಯಿತು. ಕಡಲೆಬೇಳೆ ಆಯಿತು. ಶೇಂಗಾ ಇನ್ನೂ ಮೊರದಲ್ಲೇ ಇದೆ. ಕೈ ನೋಯುತ್ತಿದೆ, ಸ್ವಲ್ಪ ಕೂತು ಬರೆಯುತ್ತೇನೆ.

ಉಮರಗಾದಿಂದ ಡಬ್ಬಿ ಸೆಟ್ ಬಂತು. ಹದಿನೆಂಟು. ಎಲ್ಲ ಒಂದೇ ತರಹ, ಆರಪಾರ ಕಾಣುವಂಥವು. ಮುಚ್ಚಳಕ್ಕೆ ನಾಲ್ಕೂ ಕಡೆ ಲಾಕ್. ಗಾಳಿ ಹೋಗಲ್ಲ, ಇರುವೆ ಹೋಗಲ್ಲ. ಅತ್ತೆಯ ನೆಗ್ಗಿದ ಸ್ಟೀಲ್ ಡಬ್ಬ, ತುಕ್ಕು ಹಿಡಿದ ಎಣ್ಣೆ ಡಬ್ಬ, ಬಗೆಬಗೆಯ ಬಾಟಲಿ — ಎಲ್ಲ ಅಟ್ಟಕ್ಕೆ. ಧೀರಜ ಬಾಗಿಲಲ್ಲಿ ನಿಂತು, "ಇದು ಅಡಗಿಮನಿನೋ, ರಕ್ತ ತಪಾಸ್ ಮಾಡೋ ಲ್ಯಾಬೋ?" ಅಂದರು. ಕಟ್ಟಿಕೊಂಡ ಗಂಡನ ಜೋಕು. ನಗಲೇಬೇಕು, ನಕ್ಕೆ.

ಅತ್ತೆಗೆ ಹಿಡಿಸಿಲ್ಲ. "ಎಲ್ಲಾ ಕಾಣ್ತದಲ್ಲವ್ವ. ಮನಿ ಹೊಟ್ಟಿ ಹಿಂಗ ಬಿಚ್ಚಿ ತೋರಸಬಾರ್ದು."

ಕಾಣಲಿ ಅಂತಲೇ ತರಿಸಿದ್ದು. ಅಡುಗೆಮನೆಯ ಜವಾಬ್ದಾರಿ ನನ್ನ ಕೈಗೆ ಬಂದದ್ದು ಈ ಯುಗಾದಿಗೆ. ತಿಂಗಳೊಳಗೇ ಅತ್ತೆಯ ತಂಗಿ ಬಂದು ಎಲ್ಲರೆದುರು ಅಂದಳು — "ಸೊಸಿ ಕೈಗಿ ಬಂದ ಮ್ಯಾಲ ಡಬ್ಬಾ ಲಗೂನ ತಳಾ ಕಾಣ್ಲತ್ತಾವ. ಭಾಲ್ಕಿ ಏನ್ ದೂರ ಅದಾ?" ಭಾಲ್ಕಿ ನನ್ನ ತವರು. ನನ್ನನ್ನೂ ತಂಗಿಯನ್ನೂ ಅವ್ವ ಹೊಲಿಗೆ ಮಷಿನ್ ತುಳಿದು ಬೆಳೆಸಿದಳು. ಬಡವರ ಮನೆಯ ಹೆಣ್ಣು ಕಳ್ಳಿಯಲ್ಲ ಅಂತ ಎಷ್ಟು ಜನಕ್ಕೆ ಹೇಳಲಿ? ಡಬ್ಬಿಯೇ ಹೇಳಲಿ.

ಲೇಬಲ್ ಕನ್ನಡದಲ್ಲಿ ಬರೆದೆ. ಗಡಿಯಾಚೆಯ ಈ ಮುರುಮ ಊರಿನ ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡ, ಓದಿದ್ದು ಮರಾಠಿ. ಕನ್ನಡ ಅಕ್ಷರ ಒಬ್ಬರಿಗೂ ಬರುವುದಿಲ್ಲ. ಅದಕ್ಕೇ ಈ ಡೈರಿಯನ್ನು ಮಿಕ್ಸರ್ ಪಕ್ಕದಲ್ಲೇ ಧೈರ್ಯವಾಗಿ ಬಿಟ್ಟಿರುತ್ತೇನೆ.

ಜೂನ್ 13, ಶುಕ್ರವಾರ

ಹದಿನೇಳು.

ಮತ್ತೆ ಎಣಿಸಿದೆ. ಹದಿನೇಳೇ. ಒಂದು ಸಣ್ಣ ಡಬ್ಬಿ ಇಲ್ಲ. ತುಪ್ಪ ಎರಡು ಬೆರಳು ಇಳಿದಿದೆ. ಶೇಂಗಾ ಚಟ್ನಿಪುಡಿ, ನಮ್ಮ ಹಿಂಡಿ, ಅದೂ ಇಳಿದಿದೆ.

ಪಾತ್ರೆ ತಿಕ್ಕುವ ಪ್ರಯಾಗಬಾಯಿಯನ್ನು ಕೇಳಿದೆ. "ಇಲ್ಲೇ ಎಲ್ಲ್ಯಾರ ಇರ್ತದ ಬಿಡ್ರಿ ಅಕ್ಕಾ" ಅಂದಳು. ಮುಖ ನೋಡದೆ. ಮುಖ ನೋಡದೆ! ಮನಸ್ಸಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಹಳೆಯ ಡಬ್ಬಗಳಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸೆಟ್ ಅಂದರೆ ಹಲ್ಲಿನ ಸಾಲು. ಒಂದು ಬಿದ್ದರೂ ಕಾಣುತ್ತದೆ.

ಜೂನ್ 20, ಶುಕ್ರವಾರ

ಹದಿನಾರು.

ಈ ಸಲ ಡಿಂಕ ಹೋಗಿದೆ. ಉಂಡೆ ಕಟ್ಟಲು ತೆಗೆದಿಟ್ಟ ಅಂಟು, ಅರ್ಧ ಇಲ್ಲ. ಒಣ ಖರ್ಜೂರ, ಖಾರೀಕು, ಅದೂ ಅರ್ಧ ಇಲ್ಲ. ಬಾಣಂತಿಗೆ ಮಾಡುವ ಉಂಡೆಯ ಸಾಮಾನೇ ಯಾಕೆ?

ಊಟಕ್ಕೆ ಕೂತಾಗ ಅತ್ತೆ, ಇದ್ದಕ್ಕಿದ್ದಂತೆ — "ನಿನ್ನ ತಂಗಿ ಬಾಣಂತನ ಹ್ಯಾಂಗ ನಡದದ?"

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ತಂಗಿ ಹೆತ್ತು ಒಂದು ವಾರ. ಅತ್ತೆ ಇಷ್ಟು ದಿನ ಕೇಳಿರಲಿಲ್ಲ. ಚೆನ್ನಾಗಿದ್ದಾಳೆ ಅಂದೆ.

ಮಾವ ತಾಟಿನಿಂದ ಕಣ್ಣೆತ್ತಲಿಲ್ಲ. "ತವರಿಗಿ ಕೊಡೋದಿದ್ರ ಹೇಳಿ ಕೊಡಬೇಕವ್ವ. ನಾವೇನ್ ಬ್ಯಾಡ ಅಂತೀವೇನು?"

"ನಾ ಏನೂ ಕೊಟ್ಟಿಲ್ರೀ ಮಾವಾರ."

ಧೀರಜ ನೀರು ಕುಡಿದರು. ನೀರು! ಹೆಂಡತಿಯ ಪರವಾಗಿ ಒಂದು ಮಾತಾಡಲು ಬಾಯಿ ಇಲ್ಲ, ನೀರಿಗೆ ಇದೆ.

ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತುಕೊಂಡೆ. ಎಲ್ಲ ಕಾಣಲಿ ಅಂತ ಡಬ್ಬಿ ತಂದವಳು ನಾನು. ಈಗ ಕಡಿಮೆಯಾದದ್ದೂ ಎಲ್ಲರಿಗೂ ಕಾಣುತ್ತಿದೆ.

ಜೂನ್ 21, ಶನಿವಾರ

ಸಿಕ್ಕಿತು. ಪ್ರಯಾಗಬಾಯಿ ಶನಿವಾರ ಕೆಲಸ ಮುಗಿಸಿ ತನ್ನೂರು ಕಾಸಾರಶಿರಸಿಗೆ ಬಸ್ಸು ಹಿಡಿಯುತ್ತಾಳೆ. ಕೈಚೀಲ ತೂಕವಾಗಿ ಕಂಡಿತು. ಬಾಗಿಲಲ್ಲಿ ಅಡ್ಡ ನಿಂತು, ತೆಗಿ ಅಂದೆ. ಸೀರೆಯ ಕೆಳಗೆ ನನ್ನ ಡಬ್ಬಿ. ತುಂಬ ಹಿಂಡಿ.

ಕೂಗಬೇಕು ಅನ್ನುವಷ್ಟರಲ್ಲಿ ನನ್ನ ಕೈ ಹಿಡಿದಳು. "ಅಕ್ಕಾ, ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ. ಅಮ್ಮಾರೇ ಕೊಟ್ಟಾರ. ಪ್ರಾಜಕ್ತಾಗ."

ಪ್ರಾಜಕ್ತಾ. ಈ ಮನೆಯಲ್ಲಿ ಹೇಳಬಾರದ ಹೆಸರು. ಧೀರಜರ ಅಕ್ಕ. ತಾನು ಮೆಚ್ಚಿದವನನ್ನು ಮದುವೆಯಾಗಿ ಕಾಸಾರಶಿರಸಿಯಲ್ಲಿದ್ದಾಳೆ ಅಂತ ಮಾತ್ರ ಗೊತ್ತು. ನಾನು ಬರುವ ಮೊದಲೇ ಮಾವ ಅವಳ ಫೋಟೋ ಇಳಿಸಿದ್ದರಂತೆ. ಗೋಡೆಯಲ್ಲಿ ಮೊಳೆ ಇನ್ನೂ ಇದೆ.

"ಆಕಿಗಿ ದಿನಾ ತುಂಬ್ಯಾವ. ತಾಯಿ ಕರಳು, ಸುಮ್ಮ ಕೂಡ್ತದೇನ್ರಿ? ಮಾಲಕರಿಗಿ ಗೊತ್ತಾದ್ರ ನನಗೂ ಹೊರಗ ಹಾಕ್ತಾರ, ಅಮ್ಮಾರಿಗೂ ಬಿಡಲ್ಲ."

"ಮತ್ತ ಡಿಂಕ? ಖಾರೀಕ?"

"ಬಸವಣ್ಣನ ಆಣಿ ಅಕ್ಕಾ, ನಾ ಡಿಂಕ ಕಂಡಿಲ್ಲ. ತುಪ್ಪ, ಹಿಂಡಿ, ಎರಡೂ ವಾರ ಇದೇ ಒಂದು ಡಬ್ಬಿ. ಅಷ್ಟೇ."

ಬಿಟ್ಟೆ. ಹೋದಳು.

ಹಾಗಾದರೆ ಅತ್ತೆ ಬೆಕ್ಕಿನಂತೆ ಕಣ್ಣು ಮುಚ್ಚಿ ಹಾಲು ಕುಡಿದು ನನ್ನನ್ನು ಕೇಳಿದರು, ತಂಗಿಯ ಬಾಣಂತನ ಹೇಗಿದೆ ಅಂತ. ಮಗಳ ಮೇಲಿನ ಪ್ರೀತಿ ಅರ್ಥವಾಗುತ್ತದೆ. ಅದಕ್ಕೆ ನನ್ನ ಮಾನ ಯಾಕೆ ಅಡವಿಡಬೇಕು?

ಆದರೆ ಪ್ರಯಾಗಬಾಯಿಯ ಆಣೆ ನಿಜವಾದರೆ — ಅತ್ತೆ ಒಯ್ದದ್ದು ಒಂದೇ ಡಬ್ಬಿ. ಇನ್ನೊಂದನ್ನು ನಾನೇ ಭಾಲ್ಕಿಗೆ ಸಾಗಿಸಿದೆ ಅಂತ ಅವರು ನಿಜವಾಗಿ ನಂಬಿದ್ದಾರೆ. ಅದು ಇನ್ನೂ ಕೆಟ್ಟದು.

ಇನ್ನೊಬ್ಬ ಕಳ್ಳ ಈ ಮನೆಯಲ್ಲೇ ಇದ್ದಾನೆ.

ಜೂನ್ 30, ಸೋಮವಾರ

ನಿನ್ನೆ ಭಾಲ್ಕಿಯಲ್ಲಿ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಹೋಗಲಿಲ್ಲ.

ಜ್ವರ ಅಂತ ಸುಳ್ಳು ಹೇಳಿದೆ. ಕೈಯಲ್ಲಿ ಚೀಲ ಹಿಡಿದು ಈ ಹೊಸ್ತಿಲು ದಾಟುವ ಧೈರ್ಯ ಬರಲಿಲ್ಲ. ಚೀಲದಲ್ಲಿ ಕುಲಾವಿ ಇದ್ದರೂ ಎಲ್ಲರಿಗೂ ಡಿಂಕವೇ ಕಾಣುತ್ತದೆ. ಖಾಲಿ ಕೈಯಲ್ಲಿ ಹೋಗು ಅಂತ ಧೀರಜ. ಅಕ್ಕ ಅನ್ನಿಸಿಕೊಂಡವಳು ತೊಟ್ಟಿಲಿಗೆ ಖಾಲಿ ಕೈ ಬೀಸಿಕೊಂಡು ಹೋಗುತ್ತಾಳೆಯೇ?

ಫೋನಿನಲ್ಲಿ ಅವ್ವನ ಹೊಲಿಗೆ ಮಷಿನ್ ಸದ್ದು ಮಾತ್ರ ಕೇಳುತ್ತಿತ್ತು...

ಇದನ್ನು ನಾನು ಮರೆಯುವುದಿಲ್ಲ.

ಜುಲೈ 4, ಶುಕ್ರವಾರ

ಇರುವೆ.

ಹೊಸ ಡಬ್ಬಿ ಬಂದಮೇಲೆ ನನ್ನ ಅಡುಗೆಮನೆಯಲ್ಲಿ ಇರುವೆಯ ಸುಳಿವಿರಲಿಲ್ಲ. ಇವತ್ತು ಸಾಲು ಹಿಡಿದಿವೆ. ಹಿಂದೆಯೇ ಹೋದೆ. ಜೋಳದ ಹಿಟ್ಟಿನ ಡ್ರಮ್ಮಿನ ಹಿಂದೆ ನನ್ನ ಡಬ್ಬಿ! ನಾಲ್ಕು ಲಾಕಿನಲ್ಲಿ ಎರಡೇ ಬಿದ್ದಿವೆ. ಒಳಗೆ ಜಿಲೇಬಿ.

ಅಲ್ಲೇ ನೆಲದ ಮೇಲೆ ಕೂತೆ. ನಮ್ಮ ಕಡೆ ಗಂಡು ಹುಟ್ಟಿದರೆ ಪೇಡೆ ಹಂಚುತ್ತಾರೆ, ಹೆಣ್ಣಾದರೆ ಜಿಲೇಬಿ. ಹಾಕಿಕೊಟ್ಟ ಡಬ್ಬಿಯನ್ನು ಯಾರೂ ಖಾಲಿ ಮರಳಿಸುವುದಿಲ್ಲ. ಪ್ರಾಜಕ್ತಾ ಹೆಣ್ಣು ಹೆತ್ತಿದ್ದಾಳೆ.

ತಂದವರು ಯಾರು? ಪ್ರಯಾಗಬಾಯಿ ನಾಲ್ಕು ದಿನದಿಂದ ರಜೆ. ಅತ್ತೆ ಮನೆ ಬಿಟ್ಟಿಲ್ಲ, ಮೇಲಾಗಿ ಅತ್ತೆ ಲಾಕ್ ಅರೆಬರೆ ಹಾಕುವವರಲ್ಲ. ಇದು ಅಡುಗೆಮನೆ ಗೊತ್ತಿಲ್ಲದವರ ಕೈ. ಹಾಲ್‌ನಲ್ಲಿ ಕೂತು "ನೀರ ತಾ" ಅನ್ನುವವರ ಕೈ.

ನಿನ್ನೆ ಗುರುವಾರ. ಗುರುವಾರ ಮಾವ ಕಾಳಿನ ವ್ಯಾಪಾರಕ್ಕೆ ಕಾಸಾರಶಿರಸಿಗೆ ಹೋಗುತ್ತಾರೆ. ಅವರ ಬಟ್ಟೆಚೀಲ ಮೊಳೆಗೆ ತೂಗುತ್ತಿತ್ತು — ಪ್ರಾಜಕ್ತಾಳ ಫೋಟೋ ಇದ್ದ ಅದೇ ಮೊಳೆ. ತಳ ಮುಟ್ಟಿ ನೋಡಿದೆ. ಪಾಕ. ಬೆರಳಿಗೆ ಅಂಟಿತು.

"ಹೇಳಿ ಕೊಡಬೇಕವ್ವ" ಅಂದರಲ್ಲ ಮಾವ! ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡನಂತೆ. ಇವರು ನನ್ನ ಹೆಗಲು ಮುಟ್ಟಿದರು.

ಡಬ್ಬಿಯನ್ನು ಇದ್ದಲ್ಲೇ ಇಟ್ಟೆ. ಲಾಕ್ ಪೂರ್ತಿ ಹಾಕಿ.

ಜುಲೈ 8, ಮಂಗಳವಾರ

ಪ್ರಯಾಗಬಾಯಿ ಬಂದಳು. ಅತ್ತೆಯ ಡಬ್ಬಿಯೂ ಬಂತು. ಉಪ್ಪಿನಕಾಯಿ ಭರಣಿಯ ಹಿಂದೆ, ನಾಲ್ಕೂ ಲಾಕ್ ಬಿಗಿಯಾಗಿ. ಒಳಗೆ ಜಿಲೇಬಿಯೇ.

ಎರಡು ಡಬ್ಬಿ, ಒಂದು ಮೊಳ ಅಂತರ. ಗಂಡನಿಗೆ ಹೆಂಡತಿಯದು ಗೊತ್ತಿಲ್ಲ, ಹೆಂಡತಿಗೆ ಗಂಡನದು. ತನ್ನದನ್ನು ಬಿಟ್ಟು ಇನ್ನೊಂದು ಭಾಲ್ಕಿಗೆ ಹೋಗಿದೆ ಅಂತ ಇಬ್ಬರಿಗೂ ಖಾತ್ರಿ. ನಗಬೇಕೋ ಅಳಬೇಕೋ. ಎರಡೂ ಮಾಡಿದೆ.

ಜುಲೈ 11, ಶುಕ್ರವಾರ

ಎರಡೂ ಡಬ್ಬಿಯಲ್ಲಿ ಜಿಲೇಬಿ ದಿನಾ ಕಡಿಮೆಯಾಗುತ್ತಿವೆ. ಮಾವನಿಗೆ ಶುಗರ್ ಇದೆ. ನಾನೇನು ಹೇಳಲಿ?

ಹೇಳಿದರೆ ನನ್ನ ಹೆಸರು ತೊಳೆದುಹೋಗುತ್ತದೆ. ಆದರೆ ಮಾವ ಸಿಕ್ಕಿಬಿದ್ದ ಸಿಟ್ಟಿಗೆ ಕಾಸಾರಶಿರಸಿಗೆ ಹೋಗುವುದನ್ನೇ ನಿಲ್ಲಿಸಿದರೆ? ಆ ಕೂಸಿನ ಪಾಪ ನನಗೆ ಬೇಡ. ಸುಮ್ಮನಿದ್ದರೆ ಜೀವಮಾನವೆಲ್ಲ ನಾನು ಡಿಂಕ ಕದ್ದವಳು. ಅಷ್ಟು ದೊಡ್ಡ ಮನಸ್ಸೂ ನನಗಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೇಗೆ?

ರವಿವಾರ ಕಾಸಾರಶಿರಸಿಯಲ್ಲಿ ಪ್ರಾಜಕ್ತಾಳ ಕೂಸಿನ ತೊಟ್ಟಿಲಂತೆ. ಪ್ರಯಾಗಬಾಯಿ ಹೇಳಿದಳು.

ಜುಲೈ 13, ರವಿವಾರ. ಬೆಳಿಗ್ಗೆ

ಮಾವ ಇಸ್ತ್ರಿ ಮಾಡಿದ ಧೋತರ ಉಟ್ಟು ಹೊರಗೆ ಬಂದರು. "ಶಿರಸಿ ಕಡಿ ಹೋಗಿ ಬರ್ತೀನಿ. ಸೋಯಾದ ಯವಾರ ಅದಾ." ರವಿವಾರ ಎಂಥ ವ್ಯವಹಾರ?

ಹಿಂದೆಯೇ ಅತ್ತೆ, ಇಳಕಲ್ ಸೀರೆಯಲ್ಲಿ. "ನಾ ಉಮರಗಾಕ್ಕ. ಹಲ್ಲಿನ ಡಾಕ್ಟರ್ ಕಡಿ." ರವಿವಾರ ಎಂಥ ಡಾಕ್ಟರು? ಒಬ್ಬರನ್ನೊಬ್ಬರು ಏನೂ ಕೇಳಲಿಲ್ಲ. ಕೇಳಿದರೆ ತಮ್ಮ ಸುಳ್ಳಿಗೂ ಉತ್ತರ ಕೊಡಬೇಕಲ್ಲ.

ಚಹಾ ತಂದೆ. ಟ್ರೇಯಲ್ಲಿ ಕಪ್ಪಿನ ಪಕ್ಕ ಎರಡೂ ಡಬ್ಬಿ ಇಟ್ಟು, ಮುಚ್ಚಳ ತೆಗೆದೆ.

"ಹದಿನೆಂಟೂ ಸಿಕ್ಕವ್ರೀ ಮಾವಾರ. ಭಾಲ್ಕಿಗಿ ಒಂದೂ ಹೋಗಿರಲಿಲ್ಲ."

ಮಾವ ಅತ್ತೆಯ ಡಬ್ಬಿ ನೋಡಿದರು. ಅತ್ತೆ ಮಾವನ ಡಬ್ಬಿ ನೋಡಿದರು. ಎರಡರಲ್ಲೂ ಅದೇ ಜಿಲೇಬಿ.

"ನೀವೂ?" ಅಂದರು ಅತ್ತೆ.

ಮಾವ ಮುಚ್ಚಳ ಎತ್ತಿ ತಮ್ಮ ಡಬ್ಬಿ ಮುಚ್ಚಲು ಹೋದರು. ಲಾಕ್ ಬೀಳಲಿಲ್ಲ. ಮತ್ತೆ ಒತ್ತಿದರು, ಬೀಳಲಿಲ್ಲ. ಅತ್ತೆ ಕೈಚಾಚಿ ಟಕ್ ಟಕ್ ಅಂತ ನಾಲ್ಕೂ ಹಾಕಿದರು. ಮಾವನ ಕಣ್ಣಲ್ಲಿ ನೀರು. ನಾನು ಆ ಕಡೆ ತಿರುಗಿದೆ.

"ಧೀರಜಗ ಎಬ್ಬಸು. ಗಾಡಿ ತೆಗಿ ಅನ್ನು. ಎಲ್ಲಾರೂ ಹೋಗಮು" ಅಂದರು ಮಾವ.

ಇಷ್ಟೇ. ತಪ್ಪಾಯಿತು ಅನ್ನುವ ಮಾತು ಈ ಮನೆಯ ಯಾವ ಡಬ್ಬಿಯಲ್ಲೂ ಇಲ್ಲ.

ಈಗ ಎರಡೂ ಡಬ್ಬಿ ತೊಳೆದು ತುಂಬಿದೆ. ಒಂದಕ್ಕೆ ತುಪ್ಪ, ಒಂದಕ್ಕೆ ಡಿಂಕ, ಖಾರೀಕು. ಅತ್ತೆ ಬಂದು ರ್ಯಾಕಿನಿಂದ ಮೂರನೆಯದನ್ನು ಇಳಿಸಿದರು. ತಾವೇ ತುಂಬಿದರು, ಒತ್ತಿ ಒತ್ತಿ.

"ಅವರಿಗಿ ಎರಡು ಸಾಕಲ್ರೀ?"

"ಇದು ಅವರಿಗಲ್ಲ. ಬರ್ತಾ ಭಾಲ್ಕಿ ಮ್ಯಾಲಿಂದ ಬರಮು. ನಿನ್ನ ತಂಗಿಗಿ ಕೊಡು."

ಮುಖ ನೋಡದೆ ಹೇಳಿ ಹೋದರು. ಮುಖ ನೋಡದೆ! ಇದು ಕ್ಷಮೆ ಕೇಳಿದ್ದೋ, ಚುಚ್ಚಿದ್ದೋ? ಡಬ್ಬಿ ಕೈಯಲ್ಲಿ ಹಿಡಿದು ನೋಡುತ್ತಿದ್ದೇನೆ. ಎಲ್ಲ ಕಾಣುತ್ತದೆ, ಇದೊಂದು ಕಾಣುವುದಿಲ್ಲ. ಅವ್ವನ ಮುಂದೆ ಏನಂತ ಇಡಲಿ...

ಹಾರ್ನ್ ಹೊಡೆಯುತ್ತಿದ್ದಾರೆ. ಬಾಗಿಲಲ್ಲಿ ಅತ್ತೆ, ಮತ್ತೆ ಬಂದಿದ್ದಾರೆ. ಈ ಸಲ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಏನೋ ಹೇಳುವುದಕ್ಕೆ —