ಹಿನ್ನೀರಿನ ಆಚೆ ದಡ

26 ಜನವರಿ 2000, ಸಂಜೆ

ಮತ್ತೆ ಅದೇ ನೀಲಿ ಸೀರೆ. ಅದೇ ಪ್ಲಾಸ್ಟಿಕ್ ಕುರ್ಚಿ, ಶಾಲು, ಹಾರ. ಕೊಪ್ಪದ ಮೈದಾನ. ಮೈಕಿನಲ್ಲಿ "ವೀರಯೋಧ ಅರುಣನ ಧರ್ಮಪತ್ನಿ ಗಗನಾ" ಅಂದಾಗ ಬೇರೆ ಯಾರನ್ನೋ ಕರೆದ ಹಾಗೆ ಅತ್ತಿತ್ತ ನೋಡಿದೆ.

ಎರಡು ಮಾತು ಆಡಬೇಕಂತೆ. ಎಂತ ಆಡೋದು? ನಾವು ಜೊತೆಗಿದ್ದದ್ದೇ ಒಂದು ರಜೆಯಷ್ಟು ಕಾಲ. ಮದುವೆ, ಒಂದಿಷ್ಟು ನೆಂಟರ ಮನೆ ಊಟ. ರಜೆ ಮುಗೀತು, ಹೋದರು. ಆಮೇಲೆ ಕಾರ್ಗಿಲ್. ಮೊದಲು ಪೆಟ್ಟಿಗೆ ಬಂತು, ಆಮೇಲೆ ಪದಕ. ಸರ್ಕಾರದವರು ಬರೆದದ್ದನ್ನೇ ಓದಿದೆ — "ಗುಂಡಿನ ಸುರಿಮಳೆಯಲ್ಲೂ ಗಾಯಾಳುಗಳನ್ನು ಹೊತ್ತು ತಂದು..." ಚಪ್ಪಾಳೆ.

ಸೀತೂರಿಗೆ ವಾಪಸ್ಸು ಬರುವಾಗ ಮಾವ ಶಾಲು ಮಡಚಿ ಚೀಲಕ್ಕೆ ಹಾಕಿಕೊಂಡರು. 

9 ಮಾರ್ಚ್

ಕನಸು. ಶೃಂಗೇರಿಯಿಂದ ಬರೋ ಬಸ್ಸು. ನನ್ನ ಹೆಗಲ ಮೇಲೆ ತಲೆಯಿಟ್ಟು ಅವರಿಗೆ ನಿದ್ದೆ. ಇದು ನಿಜವಾಗಿಯೂ ಆದದ್ದೇ. ಮುಖ ನೋಡೋಣ ಅಂತ ಬಗ್ಗಿದರೆ ಗೋಡೆಯ ಫೋಟೋದಲ್ಲಿರೋ ಮುಖ, ಟೋಪಿ ಸಮೇತ. ನನಗೆ ಬೇಕಾದದ್ದು ಅದಲ್ಲ. ಬಾಯಿ ತೆರೆದು ಮಲಗೋ ಮುಖ. ಅದು ಮಸುಕಾಗ್ತಾ ಇದೆ... ಅತ್ತೆಗೆ ಹೇಳಲಿಲ್ಲ.

17 ಏಪ್ರಿಲ್

ಮಧ್ಯಾಹ್ನ ಒಬ್ಬರು ಬಂದರು. ತಿಮ್ಮಣ್ಣ ಅಂತ, ಅರಸೀಕೆರೆ ಕಡೆಯವರು. ನಮ್ಮವರ ಜೊತೆ ಒಂದೇ ತುಕಡಿಯಲ್ಲಿದ್ದವರು. ಬಲಗೈ ಮೇಲೇಳಲ್ಲ. ಎಡಗೈಯಲ್ಲೇ ಲೋಟ ಹಿಡಿದು ಕಾಫಿ ಕುಡಿದರು.

"ಅರುಣ ಹೊತ್ತು ತಂದದ್ದು ನನ್ನನ್ನೇ, ಅತ್ತಿಗೆ. ರಕ್ತ ಹೋಗಿ ಕಣ್ಣು ಮುಚ್ಚಿ ಬರ್ತಿತ್ತು. ನಿದ್ದೆ ಮಾಡಿದ್ರೆ ಸತ್ತೆ ಅಂತ ಅವನಿಗೆ ಗೊತ್ತು. ಅದಕ್ಕೆ ಕಥೆ ಶುರು ಮಾಡಿದ."

"ಎಂತ ಕಥೆ?" ಅಂದರು ಅತ್ತೆ.

"ಅತ್ತಿಗೇದು. ಮದುವೆ ಆದ ಹೊಸದರಲ್ಲಿ ಇವರು ಭದ್ರಾ ಹಿನ್ನೀರು ಈಜಿ ದಾಟಿದ್ದು. 'ಕೇಳೋ ತಿಮ್ಮ, ಈಗ ಗಗನಾ ನೀರಿಗಿಳಿದಳು. ಈಗ ಸೆರಗು ಕಟ್ಟಿದಳು. ಈಗ ನಡುನೀರಿಗೆ ಬಂದಳು...' ಹಾಗೇ ಇಳಿಸಿಕೊಂಡು ಬಂದ. ಕೆಳಗೆ ನನ್ನನ್ನ ಮಲಗಿಸಿದ. ಮೇಲೆ ಇನ್ನೊಬ್ಬ ಇದ್ದ. 'ಉಳಿದದ್ದು ಬಂದು ಹೇಳ್ತೀನಿ, ನಿದ್ದೆ ಮಾಡಬೇಡ' ಅಂದು ಹತ್ತಿದ."

ಲೋಟ ಕೆಳಗಿಟ್ಟರು. ಆಮೇಲೆ ಮೆಲ್ಲಗೆ — "ದಡ ಮುಟ್ಟಿದ್ರಾ ಅತ್ತಿಗೆ?"

 ಅಡುಗೆಮನೆಗೆ ಹೋದೆ.

18 ಏಪ್ರಿಲ್

ನನಗೆ ಈಜು ಬರಲ್ಲ. ನರಸಿಂಹರಾಜಪುರದಲ್ಲಿ ಹುಟ್ಟಿ ಬೆಳೆದರೂ ಹಿನ್ನೀರಿಗೆ ಮೊಣಕಾಲಿಗಿಂತ ಆಚೆ ಇಳಿದವಳಲ್ಲ. ಅವರಿಗೂ ಅದು ಗೊತ್ತಿತ್ತು. ಲಾಂಚು ಹತ್ತಲು ಹೆದರಿದ್ದಕ್ಕೆ ನಕ್ಕಿದ್ದರು.

ನಾನು ಅವರನ್ನ ಕನಸಲ್ಲಿ ಕಟ್ಟಿಕೊಳ್ಳೋ ಹಾಗೆ ಅವರೂ ಅಲ್ಲಿ ಹಿಮದಲ್ಲಿ ಕೂತು ನನ್ನನ್ನ ಕಟ್ಟಿಕೊಂಡಿದ್ದರಾ? ಅವರ ಗಗನಾ ಎಷ್ಟು ಧೈರ್ಯದವಳು...

ಅತ್ತೆಗೆ ಹೇಳಿದೆ, ಎಲ್ಲ ಸುಳ್ಳು ಅಂತ. ಅತ್ತೆ ಅಕ್ಕಿ ಆರಿಸ್ತಾ ಇದ್ದರು. "ಸುಳ್ಳೋ ನಿಜವೋ, ನನ್ನ ಮಗ ನಿನ್ನನ್ನ ನಡುನೀರಲ್ಲಿ ಬಿಟ್ಟು ಹೋದ ನೋಡು" ಅಂದರು. ಮೊರ ಪಕ್ಕಕ್ಕಿಟ್ಟು — "ನಾನು ಅಡ್ಡಗದ್ದೆಯವಳು. ತುಂಗೆಯಲ್ಲಿ ಈಜಿ ಬೆಳೆದವಳು. ಕಲೀತೀಯೇನೆ?"

3 ಮೇ

ಕಲಿತಿದ್ದೇನೆ ಅನ್ನೋ ಹಾಗಿಲ್ಲ. ಹಿನ್ನೀರು ಕುಡಿದಿದ್ದೇನೆ, ಹೊಟ್ಟೆ ತುಂಬ. ಸೊಂಟಕ್ಕೆ ಖಾಲಿ ಎಣ್ಣೆ ಕ್ಯಾನು. ಅತ್ತೆ ಕಚ್ಚೆ ಬಿಗಿದು ನೀರಿಗೆ ಬಿದ್ದರೆ ಆ ವಯಸ್ಸು ಎಲ್ಲಿ ಹೋಗುತ್ತೋ! ಮಾವ ದಡದಲ್ಲಿ ಆಚೆ ಮುಖ ಮಾಡಿ, ಟವೆಲ್ ಹಿಡಿದು ಕೂತಿರುತ್ತಾರೆ. "ಬದುಕಿದ್ದೀರಾ?" ಅಂತ ಆಗಾಗ ಕೂಗ್ತಾರೆ.

11 ಮೇ

ನೆಂಟರ ಪೈಕಿ ಭೈರಪ್ಪ ಬಂದಿದ್ದರು. "ಹುತಾತ್ಮನ ಹೆಂಡತಿ ನೀರಾಟ ಆಡ್ತಾಳಂತೆ. ಊರೆಲ್ಲ ಮಾತು. ಚಂದ ಅಲ್ಲ, ವಾಸಪ್ಪ."

ಮಾವ ಎಲೆಗೆ ಸುಣ್ಣ ಹಚ್ಚುತ್ತಾ, "ಹುತಾತ್ಮನ ತಾಯಿನೂ ಆಡ್ತಾಳೆ ಮಾರಾಯ. ಹೋಗಿ ಅದನ್ನೂ ಹೇಳು."

ಅತ್ತೆ ಒಳಗೆ ನಕ್ಕರು. ಪೆಟ್ಟಿಗೆ ಬಂದ ಮೇಲೆ ಅವರು ನಕ್ಕಿದ್ದು ಕೇಳಿದ್ದೇ ಇವತ್ತು.

16 ಆಗಸ್ಟ್

ನೀರು ಏರಿದೆ, ಕೆಂಪಗೆ. ಈಜು ಬಂದ್. ನಿನ್ನೆ ವೇದಿಕೆಗೆ ಹೋದೆ. ಕಾಗದ ಓದಲಿಲ್ಲ. ಸಾಯೋ ಹಾಗಿದ್ದ ಗೆಳೆಯನಿಗೆ ಅವರು ಕಥೆ ಹೇಳ್ತಾ ನಡೆದರು ಅಂದೆ. ಯಾವ ಕಥೆ ಅಂತ ಹೇಳಲಿಲ್ಲ. ಚಪ್ಪಾಳೆ ಬರಲಿಲ್ಲ. 

22 ಏಪ್ರಿಲ್ 2001

ಬೆಳಿಗ್ಗೆ. ನೀರು ಇಳಿದು ಹಿನ್ನೀರು ಕಿರಿದಾಗಿದೆ. ಆದರೂ ಆಚೆ ದಡ ಮಂಜಲ್ಲಿ ಇದೆಯೋ ಇಲ್ಲವೋ ಅನ್ನೋ ಹಾಗೆ. ಕ್ಯಾನು ಬೇಡ ಅಂದೆ. ಅತ್ತೆ ಪಕ್ಕದಲ್ಲೇ ಬಂದರು, ಮುಟ್ಟಲಿಲ್ಲ.

ಇಳಿದೆ. ಸೆರಗು ಕಟ್ಟಿದೆ. ನಡುವಿಗೆ ಬಂದಾಗ ಕೈ ಸೋತಿತು. ಅಂಗಾತ ಮಲಗಿದೆ. ಕಿವಿಯೊಳಗೆ ನೀರು. ಲೋಕ ದೂರ. ಹೆದರಿಕೆ ಬರಲಿಲ್ಲ. ಯಾರೋ ನನ್ನನ್ನ ಕಥೆಯಾಗಿ ಮೆಲ್ಲಗೆ ಹೇಳ್ತಾ ಇದ್ದ ಹಾಗೆ, ಒಂದೊಂದೇ ಮಾತಾಗಿ...

ಮತ್ತೆ ಕೈ ಹೊಡೆದೆ.

ಹತ್ತೂವರೆ. ಊರಿಗೆ ಬಂದ ಕೂಡಲೇ ಎಸ್‌ಟಿಡಿ ಬೂತಿಗೆ ಹೋದೆ, ಒದ್ದೆ ತಲೆಯಲ್ಲೇ. ತಿಮ್ಮಣ್ಣನೇ ಫೋನು ಎತ್ತಿದರು.

"ನಾನು ಗಗನಾ. ಅವತ್ತು ನೀವು ಕೇಳಿದ್ರಲ್ಲ..."

ಆ ಕಡೆ ಉಸಿರು ಹಿಡಿದದ್ದು ಕೇಳಿಸಿತು. "ದಡ ಮುಟ್ಟಿದೆ" ಅಂದೆ.