ಕೊರಿನ್ ಆರಿಸಿಕೊಂಡ ಪಾದವೈದ್ಯ ಶಾಲೆ

ಡೀಪ್ ರನ್, ನಾರ್ತ್ ಕ್ಯಾರೊಲಿನಾ
ಏಪ್ರಿಲ್ 11, 2018, ಬುಧವಾರ ಮಧ್ಯಾಹ್ನ

ಹಡಗಿನ ಊಟದ ಕೋಣೆಯಲ್ಲಿ ನೆರೆದಿರುವ ಸಮಸ್ತ ಮಹಾಜನರೇ! ಅಡುಗೆಯವರೇ, ಎಂಜಿನ್ನಿನವರೇ, ಚುಕ್ಕಾಣಿ ಹಿಡಿದವರೇ! ನನ್ನ ಕಾಗದಗಳನ್ನು ಮಗ ನಿಮ್ಮೆದುರು ಗಟ್ಟಿಯಾಗಿ ಓದುತ್ತಾನೆಂಬುದು ನನಗೆ ಗೊತ್ತು. ಚಮಚ ಕೆಳಗಿಡಿ. ಕೆಮ್ಮುವವರು ಈಗಲೇ ಕೆಮ್ಮಿಕೊಳ್ಳಿ. ಪರದೆ ಏಳುತ್ತಿದೆ!

ಪ್ರೀತಿಯ ಲೇಥನ್, ಹೇಗಿದ್ದೀಯಪ್ಪ? ಬೆನ್ನುನೋವು ಇಳಿಯಿತೇ? ಇಲ್ಲಿ ನಾನೂ ನಿನ್ನ ಮಗಳು ಕೊರಿನ್ನೂ ಚೆನ್ನಾಗಿದ್ದೇವೆ. ನನ್ನ ಬಲಗಾಲಿಗೆ ಬಿಳಿ ಪಟ್ಟಿ ಬಿಗಿದಿದೆ. ಗಾಬರಿಯಾಗಬೇಡ, ಕಾಲು ಉಳಿದಿದೆ. ಅದು ಉಳಿದ ಕಥೆಯನ್ನೇ ಹೇಳಹೊರಟಿದ್ದೇನೆ.

ಕೊರಿನ್‌ಗೆ ಎರಡು ಪಾದವೈದ್ಯ ಶಾಲೆಗಳಿಂದ ಕರೆ ಬಂದಿದ್ದು ನಿನಗೆ ತಿಳಿದೇ ಇದೆ. ಒಂದು ಇಲ್ಲಿಂದ ಆರು ಗಂಟೆಯ ಹಾದಿ. ಇನ್ನೊಂದು ಪಶ್ಚಿಮದ ಜೋಳದ ಹೊಲಗಳಾಚೆ, ಕಾರಿನಲ್ಲಿ ಎರಡು ದಿನ. ಈ ಶುಕ್ರವಾರದೊಳಗೆ ಉತ್ತರ ಕೊಡಬೇಕಿತ್ತು. ದೂರದ ಶಾಲೆಯಲ್ಲಿ ಮೊದಲ ವರ್ಷದಿಂದಲೇ ಹುಣ್ಣಿನ ವಾರ್ಡಿನಲ್ಲಿ ರೋಗಿಯ ಪಾದ ಮುಟ್ಟಿಸುತ್ತಾರಂತೆ. ಅದನ್ನು ನೋಡಿಬಂದ ದಿನ ಹುಡುಗಿ ಮೂರು ದಿನದ ಮಾತನ್ನು ಒಂದೇ ಊಟದಲ್ಲಿ ಆಡಿ ಮುಗಿಸಿದಳು. ಆಮೇಲೆ ನನ್ನ ಕಾಲು ನೋಡಿದಳು. ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಈ ಎರಡು ಪಾದಗಳನ್ನು ಅವಳು ಐದು ವರ್ಷದಿಂದ ದಿನವೂ ಪರೀಕ್ಷಿಸುತ್ತಿದ್ದಾಳೆ. "ಹತ್ತಿರದ್ದಕ್ಕೇ ಹೋಗ್ತೀನಿ ತಾತ, ಅದೂ ಒಳ್ಳೇದೇ" ಅಂದಳು. ಡೇರೆ ನಾಟಕದಲ್ಲಿ ಹುಟ್ಟಿ ಬೆಳೆದ ನನಗೆ ಬಾಯಿಪಾಠದ ಮಾತು ಗೊತ್ತಾಗುವುದಿಲ್ಲವೇ?

ನನ್ನಿಂದಾಗಿ ಮಗು ಚಿಕ್ಕ ಬಾಗಿಲಲ್ಲಿ ತಲೆ ತಗ್ಗಿಸಬಾರದು! ಅಂದೇ ನಾಟಕ ಹೂಡಿದೆ. ಪಾದ ಪೂರಾ ಸರಿಹೋಗಿದೆ ಎಂದು ಸಾರಿದೆ, ಜಗುಲಿಯ ಮೇಲೆ ಬೂಟು ಕುಟ್ಟಿ ಕುಣಿದು ತೋರಿಸಿದೆ. ಎರಡು ವಾರ ಕಾಲುಚೀಲ ಬಿಚ್ಚಲು ಬಿಡಲಿಲ್ಲ. "ನಾಚಿಕೆ ಇಲ್ವೇನೇ, ಮುದುಕನ ಕಾಲು ಕಾಲು ಅಂತ ಬೆನ್ನು ಹತ್ತೀಯಲ್ಲ!" ಎಂದು ಗದರಿದೆ.

ಅಷ್ಟರಲ್ಲಿ ನಮ್ಮ ಚರ್ಚಿನ ಕಾಲು ತೊಳೆಯುವ ಭಾನುವಾರ ಬಂತು. ಏಸು ಶಿಷ್ಯರ ಕಾಲು ತೊಳೆದಂತೆ ಅಂದು ಗಂಡಸರು ಒಂದು ಸಾಲಿನಲ್ಲಿ, ಹೆಂಗಸರು ಇನ್ನೊಂದರಲ್ಲಿ ಕೂತು ಒಬ್ಬರ ಕಾಲನ್ನೊಬ್ಬರು ತೊಳೆಯುತ್ತೇವಲ್ಲ. ಇನ್ನೊಬ್ಬರ ಕೈಗೆ ಕೊಳಕು ಕಾಲು ನೀಡುವ ಗಂಡಸು ನಮ್ಮ ಸಭೆಯಲ್ಲಿ ಇನ್ನೂ ಹುಟ್ಟಿಲ್ಲ. ಎಲ್ಲರೂ ಹಿಂದಿನ ದಿನವೇ ಮನೆಯಲ್ಲಿ ತಿಕ್ಕಿ ತೊಳೆದು, ಹೊಸ ಕಾಲುಚೀಲ ಹಾಕಿ ಹೋಗುವವರೇ. ನಾನೂ ಶನಿವಾರ ಬಾಗಿಲು ಹಾಕಿಕೊಂಡು, ಬೋಗುಣಿಗೆ ಕೆಟಲಿನ ನೀರು ಸುರಿದು, ಮೊದಲು ಬಲಗಾಲಿಳಿಸಿ ಹಾಯಾಗಿ ಕೂತೆ. ಬಿಸಿ ತಗುಲಲಿಲ್ಲ. ಇನ್ನೊಂದು ಕೆಟಲ್ ಸುರಿದೆ.

ಭಾನುವಾರ ಗಂಡಸರ ಸಾಲಿನಲ್ಲಿ ರಫಿನ್ ಜಾರ್ಮನ್ ನನ್ನೆದುರು ಮಂಡಿಯೂರಿದ. ನಲವತ್ತು ವರ್ಷದಿಂದ ನನ್ನ ಕಾಲು ಅವನು, ಅವನ ಕಾಲು ನಾನು ತೊಳೆಯುತ್ತ ಬಂದವರು. ಕಾಲುಚೀಲ ಎಳೆದವನು ಹಾಗೇ ಕೂತುಬಿಟ್ಟ. "ಲೋ ಎಲ್ಬರ್ಟ, ಕಾಲೇನು ಒಲೆಗೆ ಇಟ್ಟಿದ್ಯೇನೋ?" ಅಂಗಾಲಿನ ಉದ್ದಕ್ಕೂ ಬೊಬ್ಬೆ! ನಾನು ಸನ್ನೆ ಮಾಡಿದೆ, ಶ್ ಎಂದೆ, ಕಣ್ಣಲ್ಲೇ ಬೇಡಿಕೊಂಡೆ. ಮೀನಿನ ಹರಾಜು ಕೂಗಿ ಬೆಳೆದ ಗಂಟಲು ಅವನದು. ಹೆಂಗಸರ ಸಾಲಿಗೆ ಕೇಳುವಂತೆ, "ಕೊರಿನ್! ಬಾರವ್ವ ಇಲ್ಲಿ! ನಿಮ್ಮಜ್ಜ ಕಾಲು ಬೇಯಿಸ್ಕೊಂಡವ್ನೆ!" ಎಂದು ಅರಚಿದ.

ಆ ಸಾಲಿನವರು ಈ ಸಾಲಿಗೆ ಬಂದದ್ದನ್ನು ನಾನು ಕಂಡವನಲ್ಲ. ಕಾಲೊರೆಸಲೆಂದು ಸೊಂಟಕ್ಕೆ ಟವೆಲ್ ಸುತ್ತಿದ್ದ ಹುಡುಗಿ ನೆಟ್ಟಗೆ ನಡೆದು ಬಂದಳು. ಪಾದ್ರಿಯವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. "ಬೊಬ್ಬೆ ಯಾರೂ ಒಡೀಬೇಡಿ" ಎಂದವಳು ತಣ್ಣೀರು ಹನಿಸಿ, ಶುದ್ಧ ಬಟ್ಟೆ ಸುತ್ತಿ, ರಫಿನ್‌ನ ಹೆಗಲಿಗೆ ನನ್ನನ್ನು ಹೊರಿಸಿ, ನೇರ ಆಸ್ಪತ್ರೆಗೆ ನಡೆದಳು. ವೈದ್ಯರು ನೋಡಿ, ಇನ್ನೆರಡು ದಿನ ಕಾಲುಚೀಲದೊಳಗೆ ಮುಚ್ಚಿಟ್ಟಿದ್ದರೆ ಕಾಲು ಉಳಿಸುವುದು ಕಷ್ಟವಿತ್ತು ಎಂದರು. ಉಳಿಯಿತು! ನಿನ್ನೆ ಮತ್ತೆ ನೋಡಿದರು, ಗಾಯ ಮಾಯುತ್ತಿದೆ. ಲೇಥನ್, ಎದೆಯ ಮೇಲೆ ಕೂತಿದ್ದ ಹಸು ಎದ್ದು ಹೋದ ಹಾಗಾಗಿದೆ.

ನಿನ್ನೆ ಹಿಂದಿರುಗುವಾಗ ಕೊರಿನ್ ಟ್ರಕ್ಕನ್ನು ದಾರಿಬದಿ ನಿಲ್ಲಿಸಿ ಅತ್ತಳು. ಆಮೇಲೆ ಬೈದಳು, ಸಂಭಾಷಣೆ ತಪ್ಪಿದ ನಟನನ್ನೂ ಯಾರೂ ಹಾಗೆ ಬೈದದ್ದಿಲ್ಲ. ಕೊನೆಗೆ ಮೂಗು ಒರೆಸಿಕೊಂಡು, "ನಾನು ಪಕ್ಕದ ಕೋಣೇಲೇ ಇದ್ದೆ ತಾತ. ಆದ್ರೂ ನೀನು ಸುಟ್ಕೊಂಡೆ. ಹತ್ತಿರದ ಶಾಲೆ ಅಂತ ಆರು ಗಂಟೆ ದೂರದಲ್ಲಿದ್ರೂ ನಿನ್ನ ಅಂಗಾಲು ನಂಗೆ ಕಾಣುತ್ತಾ? ಕಂಡಿದ್ದು ರಫಿನಜ್ಜಂಗೆ" ಎಂದಳು.

ಹಡಗಿನ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು. ನಿನ್ನ ಕಡಲು ಶಾಂತವಾಗಿರಲಿ, ಮಗನೇ. ದೇವರು ಕಾಯಲಿ.

ನಿನ್ನ ಅಪ್ಪ,
ಎಲ್ಬರ್ಟ್ ಗ್ಯಾಸ್ಕಿನ್ಸ್

ತಾ.ಕ.: ಅಂಚೆಯವನು ಬರುವ ಹೊತ್ತು, ಬೇಗ ಗೀಚುತ್ತೇನೆ. ಕೊರಿನ್ ಈಗ ತಾನೇ ಒಳಗೆ ಬಂದು ಹೇಳಿದಳು: ದೂರದ ಶಾಲೆಗೇ ಬರುತ್ತೇನೆಂದು ಉತ್ತರ ಕಳಿಸಿಯಾಯಿತಂತೆ. ಆಗಸ್ಟಿಗೆ ಹೊರಡುತ್ತಾಳೆ. ಅಷ್ಟರೊಳಗೆ ದಿನವೂ ನನ್ನ ಕಾಲು ನೋಡುವುದನ್ನು ರಫಿನ್‌ಗೆ ಕಲಿಸುತ್ತಾಳಂತೆ; ಅವನು ಈಗಾಗಲೇ ಕನ್ನಡಕ ಒರೆಸಿಟ್ಟುಕೊಂಡಿದ್ದಾನಂತೆ. ನಾಳೆ ಬೆಳಿಗ್ಗೆ ಏಳಕ್ಕೆ ಅವನು ಬರುತ್ತಾನೆ. ನಾನು ಜಗುಲಿಯಲ್ಲಿ ಕೂತು, ಯಾರೂ ಕೇಳುವ ಮೊದಲೇ, ಕಾಲುಚೀಲ ಬಿಚ್ಚುತ್ತೇನೆ.